ಒಂದೇ ಮಾತ್ರೆ, ಎರಡು ಹೆಸರು

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಹನ್ನೆರಡು ದಿನವಾಗಿತ್ತು. ಬೆಳಗ್ಗೆ ಹಂಡೆಯಿಂದ ನೀರು ತೋಡಲು ಬಗ್ಗಿ ಎದ್ದವಳಿಗೆ ಕಣ್ಣು ಕತ್ತಲೆ ಬಂತು, ಗೋಡೆ ಹಿಡಿದು ಕೂತುಬಿಟ್ಟಳು. ಊರಿನ ಕ್ಲಿನಿಕ್ಕಿಗೆ ಕರೆದೊಯ್ದೆ. ಬಿಪಿ ತೊಂಬತ್ತರ ಆಸುಪಾಸಿಗೆ ಇಳಿದಿತ್ತು. ಡಾಕ್ಟರು, "ಅಮ್ಮಾ, ತಗೊಳ್ತಿರೋ ಮಾತ್ರೆ ಎಲ್ಲಾ ತಂದಿದೀರಾ?" ಎಂದು ಕೇಳಿದರು. ಅಮ್ಮ ಸೀರೆ ಅಂಗಡಿಯ ಕವರನ್ನು ಮೇಜಿನ ಮೇಲೆ ಸುರಿದಳು.

ಹದಿನಾಲ್ಕು ಸ್ಟ್ರಿಪ್ಪು. ಒಂದೊಂದನ್ನೇ ಮಗುಚಿ ಹಿಂಬದಿ ಓದುತ್ತಾ ಬಂದ ಡಾಕ್ಟರು ಎರಡನ್ನು ಪಕ್ಕಕ್ಕಿಟ್ಟರು. ಒಂದು ನೀಲಿ, ಇನ್ನೊಂದು ಬೆಳ್ಳಿ ಬಣ್ಣದ್ದು. ಬ್ರ್ಯಾಂಡ್ ಹೆಸರುಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಎರಡರ ಬೆನ್ನ ಮೇಲೂ ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಎಂದಿತ್ತು. ನೀಲಿಯದು ಅಮ್ಮ ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆ. ಬೆಳ್ಳಿಯದು ಆಸ್ಪತ್ರೆಯಲ್ಲಿ ಬರೆದುಕೊಟ್ಟದ್ದು, ಅದರಲ್ಲಿ ಆಮ್ಲೋಡಿಪಿನ್ ಎಂಬ ಮತ್ತೊಂದು ಬಿಪಿ ಔಷಧಿಯೂ ಸೇರಿತ್ತು. ಅಮ್ಮ ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದಳು.

"ಹಳೇದು ಬಿಡು ಅಂತ ಯಾರೂ ಹೇಳ್ಲಿಲ್ವಲ್ಲ" ಎಂದಳು. ನಿಜ, ಯಾರೂ ಹೇಳಿರಲಿಲ್ಲ. ಆಸ್ಪತ್ರೆಯವರು ಬರೆದ ಔಷಧಿ ಸರಿಯಾಗಿಯೇ ಇತ್ತು, ಅಂಗಡಿಯವನು ಚೀಟಿಯಲ್ಲಿದ್ದದ್ದನ್ನೇ ಕೊಟ್ಟಿದ್ದ, ಅಮ್ಮ ಹೇಳಿದ ಹೊತ್ತಿಗೇ ನುಂಗಿದ್ದಳು. ಸ್ಟ್ರಿಪ್ ತಂದುಕೊಟ್ಟ ನಾನು ಅದನ್ನು ಮಗುಚಿ ನೋಡಿರಲಿಲ್ಲ.

ತಪ್ಪು ನುಸುಳುವ ಜಾಗ

ಔಷಧಿಯ ತಪ್ಪು ಎಂದರೆ ನಮಗೆ ನೆನಪಾಗುವುದು ಗೀಚು ಅಕ್ಷರದ ಡಾಕ್ಟರು ಅಥವಾ ಗಡಿಬಿಡಿಯ ಅಂಗಡಿ ಹುಡುಗ. ಅಂಥದ್ದೂ ಆಗುತ್ತದೆ. ಆದರೆ ಎಷ್ಟೋ ತಪ್ಪುಗಳು ಹುಟ್ಟುವುದು ಔಷಧಿ ಕೈ ಬದಲಾಗುವಾಗ: ಆಸ್ಪತ್ರೆಯಿಂದ ಮನೆಗೆ, ಒಬ್ಬ ಡಾಕ್ಟರಿಂದ ಇನ್ನೊಬ್ಬರಿಗೆ, ಚೀಟಿಯಿಂದ ಅಂಗಡಿಗೆ, ಹಗಲು ನೋಡಿಕೊಳ್ಳುವ ಸೊಸೆಯಿಂದ ರಾತ್ರಿ ನೋಡಿಕೊಳ್ಳುವ ಮಗನಿಗೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ಹಾನಿ ತಗ್ಗಿಸಲು ಜಾಗತಿಕ ಅಭಿಯಾನ ಶುರುಮಾಡಿದಾಗ ಗಮನ ಕೊಡಬೇಕಾದ ಜಾಗ ಎಂದು ಗುರುತಿಸಿದ್ದು ಮೂರು. ಒಬ್ಬರೇ ಹಲವು ಔಷಧಿ ತೆಗೆದುಕೊಳ್ಳುವುದು, ಆರೈಕೆ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದು, ಅಪಾಯ ಹೆಚ್ಚಿರುವ ಔಷಧಿ ಮತ್ತು ಸಂದರ್ಭಗಳು. ಅಮ್ಮನ ಕವರಿನಲ್ಲಿ ಮೊದಲ ಎರಡೂ ಇದ್ದವು.

ಜೇಮ್ಸ್ ರೀಸನ್ ಎಂಬ ಬ್ರಿಟಿಷ್ ಮನಃಶಾಸ್ತ್ರಜ್ಞ ಇದಕ್ಕೊಂದು ವಿವರಣೆ ಕೊಟ್ಟಿದ್ದ. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಒಂದರ ಮೇಲೊಂದು ಜರಡಿ ಇಟ್ಟ ಹಾಗೆ. ಪ್ರತಿ ಜರಡಿಗೂ ತೂತುಗಳಿವೆ, ಆದರೆ ಮೇಲಿನದರಲ್ಲಿ ಜಾರಿದ ಕಲ್ಲು ಕೆಳಗಿನದರಲ್ಲಿ ಸಿಕ್ಕಿಬೀಳುತ್ತದೆ. ಎಲ್ಲ ಜರಡಿಯ ತೂತುಗಳೂ ಒಂದೇ ನೇರಕ್ಕೆ ಬಂದ ದಿನ ಕಲ್ಲು ತಟ್ಟೆಗೆ ಬೀಳುತ್ತದೆ. ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಡಾಕ್ಟರು ಬರೆದದ್ದನ್ನು ಫಾರ್ಮಸಿಯವರು ನೋಡುತ್ತಾರೆ, ಆಮೇಲೆ ಸಿಸ್ಟರ್ ನೋಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಬೀದಿ ಕೊನೆಯ ಕ್ಲಿನಿಕ್ಕಿನಲ್ಲೋ ಅಷ್ಟು ಜರಡಿ ಇರುವುದಿಲ್ಲ. ಅಲ್ಲಿ ಕೊನೆಯ ಜರಡಿ ನೀವೇ. ಮುಂದಿನ ಹಂತಗಳೆಲ್ಲ ಆ ಜರಡಿಯ ತೂತನ್ನು ಸಣ್ಣದು ಮಾಡಿಕೊಳ್ಳಲು. ಡಾಕ್ಟರ ಮೇಲೆ ಅನುಮಾನ ಪಡುವುದಕ್ಕಲ್ಲ.

1. ಸ್ಟ್ರಿಪ್ ಮಗುಚಿ ಓದಿ

ಪ್ರತಿ ಔಷಧಿಗೂ ಎರಡು ಹೆಸರು. ಕಂಪನಿ ಇಟ್ಟದ್ದು ಬ್ರ್ಯಾಂಡ್ ಹೆಸರು, ಒಳಗಿರುವ ಔಷಧಿಯದ್ದು ಜೆನೆರಿಕ್ ಹೆಸರು. ಒಂದೇ ಟೆಲ್ಮಿಸಾರ್ಟನ್ನನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುತ್ತವೆ. ಆದ್ದರಿಂದ ಬ್ರ್ಯಾಂಡ್ ಹೆಸರು, ಬಣ್ಣ, ಗಾತ್ರ ಯಾವುದನ್ನೂ ನೆಚ್ಚಬೇಡಿ. "ಬೆಳಗ್ಗೆ ಆ ಗುಲಾಬಿ ಮಾತ್ರೆ" ಎನ್ನುವ ಲೆಕ್ಕ ಕಂಪನಿ ಬದಲಾದ ದಿನ ಕೈಕೊಡುತ್ತದೆ.

ಹೆಸರಿನ ಬಾಲವನ್ನೂ ಓದಿ. ಬಿಪಿ ಮಾತ್ರೆಯ ಕೊನೆಗೆ 'ಎಎಂ' ಇದ್ದರೆ ಸಾಮಾನ್ಯವಾಗಿ ಜೊತೆಗೆ ಆಮ್ಲೋಡಿಪಿನ್ ಸೇರಿದೆ ಎಂದರ್ಥ. 'ಎಚ್' ಇದ್ದರೆ ಮೂತ್ರ ಹೆಚ್ಚಿಸುವ ಔಷಧಿ ಸೇರಿರುತ್ತದೆ. ಶುಗರ್ ಮಾತ್ರೆಯ 'ಎಂ1', 'ಎಂ2' ನೋಡಿದರೆ ಜುಜುಬಿ ವ್ಯತ್ಯಾಸ ಅನ್ನಿಸುತ್ತದೆ. ಗ್ಲಿಮೆಪಿರೈಡ್ ಇರುವ ಮಾತ್ರೆಗಳಲ್ಲಿ ಆ ಅಂಕಿ ಸಾಮಾನ್ಯವಾಗಿ ಅದು ಎಷ್ಟು ಮಿಲಿಗ್ರಾಂ ಇದೆ ಎಂದು ಹೇಳುವುದು, ಅಂದರೆ ಒಂದರಿಂದ ಎರಡಕ್ಕೆ ಹೋದರೆ ಡೋಸು ನೇರ ದುಪ್ಪಟ್ಟು. 'ಎಸ್‌ಆರ್', 'ಇಆರ್', 'ಎಕ್ಸ್‌ಆರ್' ಎಂದಿದ್ದರೆ ಔಷಧಿ ಹೊಟ್ಟೆಯೊಳಗೆ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಮಾತ್ರೆ. ನುಂಗಲು ಕಷ್ಟವೆಂದು ಅದನ್ನು ಪುಡಿ ಮಾಡಿ ಕೊಟ್ಟರೆ ಇಡೀ ದಿನದ ಔಷಧಿ ಒಮ್ಮೆಗೇ ಮೈಗೆ ಸೇರುತ್ತದೆ.

ನಾಲ್ಕೇ ಮಾತ್ರೆ ಸಾಕೆಂದು ಸ್ಟ್ರಿಪ್ ಕತ್ತರಿಸಿ ಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಕತ್ತರಿಸಿದ ತುಂಡಿನಲ್ಲಿ ಎಷ್ಟೋ ಸಲ ಹೆಸರೂ ಇರುವುದಿಲ್ಲ, ಎಕ್ಸ್‌ಪೈರಿ ದಿನಾಂಕವೂ ಇರುವುದಿಲ್ಲ. ಹಾಗಿದ್ದರೆ ಅಂಗಡಿಯಲ್ಲೇ ಪೂರ್ತಿ ಸ್ಟ್ರಿಪ್ಪಿನ ಫೋಟೊ ತೆಗೆದುಕೊಳ್ಳಿ, ಇಲ್ಲವೇ ಕವರಿನ ಮೇಲೆ ಎರಡನ್ನೂ ಬರೆಸಿಕೊಳ್ಳಿ. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಜೆನೆರಿಕ್ ಹೆಸರು, ಬ್ಯಾಚ್, ಎಕ್ಸ್‌ಪೈರಿ ತಿಳಿಯಬೇಕು. ಕನ್ನಡಕ ಹಾಕಿಯೂ ಕಾಣದಷ್ಟು ಸಣ್ಣಕ್ಷರದಲ್ಲಿ ಅಚ್ಚು ಹಾಕುವ ಕಂಪನಿಗಳಿಂದ ಸಿಕ್ಕ ಒಂದು ಉಪಕಾರ ಇದು.

2. ಒಂದು ಹಾಳೆ, ಒಂದೇ ಹಾಳೆ

ಈ ಲೇಖನದಿಂದ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಮನೆಯಲ್ಲಿ ದಿನವೂ ಔಷಧಿ ತೆಗೆದುಕೊಳ್ಳುವ ಪ್ರತಿಯೊಬ್ಬರ ಹೆಸರಿಗೂ ಒಂದೊಂದು ಹಾಳೆ ಬರೆದಿಡಿ. ಡಾಕ್ಟರು ಬದಲಾಗಬಹುದು, ಅಂಗಡಿ ಬದಲಾಗಬಹುದು, ಹಾಳೆ ಮಾತ್ರ ನಿಮ್ಮ ಜೊತೆಯೇ ಎಲ್ಲ ಕಡೆಗೂ ಬರುತ್ತದೆ. ಕೈ ಬದಲಾದಾಗ ಕಳೆದುಹೋಗುವ ಮಾಹಿತಿಯನ್ನು ಅದೊಂದು ಉಳಿಸಿಕೊಡುತ್ತದೆ. ಅಮ್ಮನ ಹಾಳೆಯ ಮೊದಲ ಸಾಲು ಹೀಗಿದೆ:

ಟೆಲ್ಮಿಸಾರ್ಟನ್ 40 + ಆಮ್ಲೋಡಿಪಿನ್ 5 ಮಿ.ಗ್ರಾಂ. – ಬಿಪಿಗೆ – ಬೆಳಗ್ಗೆ ತಿಂಡಿ ಆದಮೇಲೆ 1 – ಆಸ್ಪತ್ರೆಯಲ್ಲಿ ಬರೆದದ್ದು – ಟೆಲ್ಮಿಸಾರ್ಟನ್ 40ರ ಬದಲಿಗೆ

ಕೊನೆಯ ಮೂರು ಪದ ಗಮನಿಸಿ. ಹೊಸದು ಯಾವುದರ ಬದಲಿಗೆ ಬಂತು ಎಂಬುದೇ ಎಲ್ಲರೂ ಬರೆಯಲು ಮರೆಯುವ ಸಂಗತಿ. ನಿಲ್ಲಿಸಿದ ಔಷಧಿಯನ್ನು ಅಳಿಸಬೇಡಿ. ಅಡ್ಡಗೆರೆ ಎಳೆದು ಯಾಕೆ ನಿಲ್ಲಿಸಿದರು ಎಂದು ಬರೆಯಿರಿ. "ಕಾಲು ಬಾವು ಬಂತು, ಬಿಡಿಸಿದರು" ಎಂದಿದ್ದರೆ ಎರಡು ವರ್ಷದ ಮೇಲೆ ಬೇರೊಬ್ಬ ಡಾಕ್ಟರು ಅದನ್ನೇ ಮತ್ತೆ ಬರೆಯುವುದು ತಪ್ಪುತ್ತದೆ.

ಮಾತ್ರೆ ಮಾತ್ರವಲ್ಲ. ಕಣ್ಣಿನ ಡ್ರಾಪ್ಸ್, ಇನ್ಹೇಲರ್, ವಾರಕ್ಕೊಮ್ಮೆಯ ಇಂಜೆಕ್ಷನ್, ಕ್ಯಾಲ್ಸಿಯಂ, ಆಯುರ್ವೇದದ ಲೇಹ್ಯ, ನಾಟಿ ಔಷಧಿ, ಮಂಡಿನೋವಿಗೆ ಅಂಗಡಿಯಿಂದ ಆಗಾಗ ತರುವ ಮಾತ್ರೆ ಎಲ್ಲವೂ ಹಾಳೆಗೆ ಬರಲಿ. "ಅದೇನು ಇಂಗ್ಲಿಷ್ ಔಷಧಿ ಅಲ್ವಲ್ಲ" ಎಂದು ಅಮ್ಮ ಕಷಾಯದ ಬಾಟಲಿಯನ್ನು ಕವರಿನಿಂದ ಹೊರಗಿಟ್ಟಿದ್ದಳು. ಹಾಳೆಯ ತಲೆಗೆ ಕೆಂಪು ಪೆನ್ನಿನಲ್ಲಿ ಯಾವ ಔಷಧಿ ಒಗ್ಗುವುದಿಲ್ಲ (ಪೆನಿಸಿಲಿನ್, ಸಲ್ಫಾ ಇತ್ಯಾದಿ), ಕಿಡ್ನಿ ಅಥವಾ ಲಿವರ್ ತೊಂದರೆ ಇದೆಯೇ, ಬಸುರಿಯೇ, ಮಗುವಾದರೆ ತೂಕ ಎಷ್ಟು ಎಂದು ಬರೆಯಿರಿ. ಫೋಟೊ ತೆಗೆದು ಮನೆಯವರ ಮೊಬೈಲಿಗೆಲ್ಲ ಕಳಿಸಿ.

ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ದಿನ ಹಳೆಯ ಹಾಳೆ ಮತ್ತು ಡಿಸ್ಚಾರ್ಜ್ ಸಮ್ಮರಿ ಎರಡನ್ನೂ ಹಿಡಿದು ಡಾಕ್ಟರನ್ನೋ ಸಿಸ್ಟರನ್ನೋ ಕೇಳಿ: ಹಳೆಯದರಲ್ಲಿ ಯಾವುದು ಮುಂದುವರಿಯಬೇಕು, ಯಾವುದು ಬಿಡಬೇಕು, ಯಾವುದರ ಡೋಸು ಬದಲಾಗಿದೆ? ಬಿಲ್ ಕಟ್ಟುವ, ಆಟೊ ಹುಡುಕುವ ಗಲಾಟೆಯಲ್ಲಿ ತಪ್ಪಿಹೋದರೆ ವಾರದೊಳಗೆ ಊರಿನ ಡಾಕ್ಟರ ಹತ್ತಿರ ಹೋಗಿ ಕೇಳಿ. ಬಿಟ್ಟ ಮಾತ್ರೆಯ ಸ್ಟ್ರಿಪ್ಪನ್ನು ಅದೇ ಡಬ್ಬಿಯಲ್ಲಿ ಉಳಿಸಬೇಡಿ.

3. ಡಾಕ್ಟರ ಮುಂದೆ: ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿ

"ಅರ್ಥ ಆಯ್ತಾ?" ಎಂದರೆ ನಾವೆಲ್ಲ "ಹ್ಞೂ ಸಾರ್" ಎನ್ನುವವರೇ. ಹೊರಗೆ ಬಂದಮೇಲೆ ಊಟಕ್ಕೆ ಮುಂಚೆಯೋ ಆಮೇಲೋ ಎಂಬ ಅನುಮಾನ. ಅದಕ್ಕೇ ಏಳುವ ಮುಂಚೆ ನಿಮ್ಮ ಮಾತಿನಲ್ಲೇ ಒಮ್ಮೆ ಹೇಳಿಬಿಡಿ: "ಅಂದ್ರೆ ಡಾಕ್ಟ್ರೇ, ಇದು ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು, ಇದು ರಾತ್ರಿ ಮಾತ್ರ, ಇದು ಐದು ದಿನ ಆದ್ಮೇಲೆ ನಿಲ್ಲಿಸ್ಬೇಕು, ಹೌದಾ?" ತಪ್ಪಿದ್ದರೆ ಅವರೇ ಅಲ್ಲೇ ತಿದ್ದುತ್ತಾರೆ. ಅರ್ಧ ನಿಮಿಷದ ಕೆಲಸ.

ಚೀಟಿಯ ಗುಟ್ಟಿನ ಭಾಷೆಯೂ ಗೊತ್ತಿರಲಿ. 1-0-1 ಎಂದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓಡಿ ದಿನಕ್ಕೊಮ್ಮೆ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ. ಎಸ್‌ಒಎಸ್ ಎಂದರೆ ಬೇಕಾದಾಗ ಮಾತ್ರ. ನೋವಿಗೆಂದು ಹೀಗೆ ಬರೆದ ಮಾತ್ರೆಯನ್ನು ದಿನಾ ಮೂರು ಹೊತ್ತು ನುಂಗುವವರು ಬಹಳ ಮಂದಿ. ಔಷಧಿಯನ್ನು ಜೆನೆರಿಕ್ ಹೆಸರಿನಲ್ಲಿ, ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತ್ತು. ಹಾಗಾಗಿ "ಸ್ವಲ್ಪ ಬಿಡಿಸಿ ಬರೀರಿ ಸಾರ್" ಎನ್ನಲು ಸಂಕೋಚ ಬೇಡ.

4. ಕವರನ್ನು ಕೌಂಟರಿನಲ್ಲೇ ಬಿಚ್ಚಿ

ಮನೆಗೆ ಹೋಗಿ ನೋಡಿಕೊಳ್ಳೋಣ ಎಂದರೆ ಒಂದು ಜರಡಿ ಕೈಬಿಟ್ಟ ಹಾಗೆ. ಚೀಟಿ ಒಂದು ಕೈಯಲ್ಲಿ, ಸ್ಟ್ರಿಪ್ ಒಂದು ಕೈಯಲ್ಲಿ ಹಿಡಿದು ಹೆಸರು ಮತ್ತು ಮಿಲಿಗ್ರಾಂ ಸರಿಹೊಂದಿಸಿ. ಜೊತೆಗೆ ಕಾಯಿಲೆಯನ್ನೂ ಬಾಯಿಬಿಟ್ಟು ಹೇಳಿ: "ಅಣ್ಣಾ, ಇದು ಶುಗರ್‌ದು ತಾನೆ?" ಇದೇಕೆ ಉಪಯೋಗಕ್ಕೆ ಬರುತ್ತದೆಂದರೆ, ಓದುವಾಗ ಒಂದೇ ಥರ ಕಾಣುವ ಹೆಸರುಗಳು ಮಾಡುವ ಕೆಲಸ ಪೂರ್ತಿ ಬೇರೆ ಇರುತ್ತದೆ. ಮೆಟ್‌ಫಾರ್ಮಿನ್ ಶುಗರಿಗೆ, ಮೆಟ್ರೋನಿಡಜೋಲ್ ಆಮಶಂಕೆಯಂಥ ಹೊಟ್ಟೆ ಸೋಂಕಿಗೆ. ಗೀಚಿದ ಚೀಟಿಯಲ್ಲಿ ಎರಡೂ 'ಮೆಟ್' ಎಂದು ಶುರುವಾಗಿ ಒಂದು ಗೆರೆಯಾಗಿ ಓಡುತ್ತವೆ. ಅಂಗಡಿಯವನಿಗೆ "ಶುಗರ್" ಎಂಬ ಮಾತು ಕಿವಿಗೆ ಬಿದ್ದರೆ ಅವನ ಕೈ ತಾನಾಗಿ ನಿಲ್ಲುತ್ತದೆ.

"ಆ ಕಂಪನೀದು ಸ್ಟಾಕ್ ಇಲ್ಲ, ಇದೂ ಅದೇ" ಎಂದರೆ ಜಗಳ ಬೇಡ, ನಿಜಕ್ಕೂ ಅದೇ ಇರಬಹುದು. ಹಿಂಬದಿಯ ಜೆನೆರಿಕ್ ಹೆಸರು, ಮಿಲಿಗ್ರಾಂ, ಬಾಲ ಮೂರೂ ಒಂದೇ ಆಗಿದ್ದರೆ ತೆಗೆದುಕೊಳ್ಳಿ, ಹಾಳೆಯಲ್ಲಿ ಹೊಸ ಬ್ರ್ಯಾಂಡ್ ಹೆಸರು ಬರೆದುಕೊಳ್ಳಿ. ಜನೌಷಧಿ ಕೇಂದ್ರದಲ್ಲಿ ಕೊಳ್ಳುವಾಗಲೂ ಹೀಗೆಯೇ.

5. ಮಕ್ಕಳ ಔಷಧಿ: ಮಿಲಿಲೀಟರಿನ ಮೋಸ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ದ್ರವ ಅಂಗಡಿಯಲ್ಲಿ ಕನಿಷ್ಠ ಮೂರು ಥರ ಸಿಗುತ್ತದೆ. ಕೂಸುಗಳ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೇ 100 ಮಿ.ಗ್ರಾಂ. ಸಾಧಾರಣ ಸಿರಪ್ಪಿನಲ್ಲಿ 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ. ದೊಡ್ಡ ಮಕ್ಕಳ ಸಿರಪ್ಪಿನಲ್ಲಿ 5 ಮಿ.ಲೀ.ಗೆ 250 ಮಿ.ಗ್ರಾಂ. ಮಕ್ಕಳ ಡೋಸು ನಿಗದಿಯಾಗುವುದು ತೂಕದ ಮೇಲೆ, ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಹತ್ತು ಕೆ.ಜಿ. ಮಗುವಿಗೆ 150 ಮಿ.ಗ್ರಾಂ. ಎಂದುಕೊಳ್ಳಿ. ಅದು ಡ್ರಾಪ್ಸ್‌ನಲ್ಲಾದರೆ ಒಂದೂವರೆ ಮಿ.ಲೀ., 250ರ ಸಿರಪ್ಪಿನಲ್ಲಿ 3, 120ರ ಸಿರಪ್ಪಿನಲ್ಲಿ 6ಕ್ಕಿಂತ ಸ್ವಲ್ಪ ಹೆಚ್ಚು.

ಈಗ ರಾತ್ರಿ ಎರಡು ಗಂಟೆ, ಮಗು ಕೆಂಡದಂತೆ ಸುಡುತ್ತಿದೆ. "ಹೋದ ಸಲ 5 ಎಂಎಲ್ ಕೊಟ್ಟಿದ್ವಿ" ಎಂಬ ನೆನಪಿನ ಮೇಲೆ ಕೈಗೆ ಸಿಕ್ಕ ಡ್ರಾಪ್ಸ್ ಬಾಟಲಿಯಿಂದ 5 ಮಿ.ಲೀ. ಅಳೆದರೆ 500 ಮಿ.ಗ್ರಾಂ. ಒಳಗೆ ಹೋಯಿತು, ಅಂದರೆ ಬೇಕಾದ್ದರ ಮೂರು ಪಾಲಿಗಿಂತ ಹೆಚ್ಚು. ಹಾಗೆಂದೇ ಡಾಕ್ಟರು "ಎಷ್ಟು ಎಂಎಲ್" ಎಂದು ಹೇಳಿದಾಗ "ಯಾವ ಬಾಟಲಿದು, ಎಷ್ಟು ಮಿಲಿಗ್ರಾಂ?" ಎಂದೂ ಕೇಳಿ ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಮನೆಯಲ್ಲಿ ಒಂದೇ ಥರದ ಬಾಟಲಿ ಇಡಿ.

ಅಳೆಯಲು ಬಾಟಲಿಯ ಜೊತೆ ಬಂದ ಮುಚ್ಚಳ, ಡ್ರಾಪರ್ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಿ. ಅಡುಗೆಮನೆಯ ಚಮಚ ಒಂದೊಂದು ಮನೆಯಲ್ಲಿ ಒಂದೊಂದು ಅಳತೆ. ಕೂಸಿಗೆ ಕುಡಿಸಲು ಒಳಲೆ ಬಳಸಬಹುದು, ಅಳೆಯಲು ಬೇಡ. ಪುಡಿ ರೂಪದ ಆಂಟಿಬಯಾಟಿಕ್‌ಗೆ ಕುದಿಸಿ ಪೂರ್ತಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕುಲುಕಿ. ನೊರೆ ಇಳಿದಮೇಲೆ ಗೆರೆಗಿಂತ ಕೆಳಗಿದ್ದರೆ ಮತ್ತೆ ತುಂಬಿ. ಓಆರ್‌ಎಸ್ ಪೊಟ್ಟಣದಲ್ಲಿ ದೊಡ್ಡದು 1 ಲೀಟರ್ ನೀರಿಗೆ, ಸಣ್ಣದು 200 ಮಿ.ಲೀ.ಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಭೇದಿಯಾದ ಮಗುವಿಗೆ ಉಪ್ಪು ಅತಿಯಾಗುತ್ತದೆ.

ನಿಮೆಸುಲೈಡ್ ಔಷಧಿಯನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಶೀತಕ್ಕೆಂದು ಕೊಡುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರಕೆಯ ಸಿರಪ್ಪನ್ನು 4 ವರ್ಷದೊಳಗಿನವರಿಗೆ ಬಳಸಬಾರದೆಂದು ಲೇಬಲ್ಲಿನಲ್ಲಿ ಅಚ್ಚಿಡಬೇಕು ಎಂದು 2023ರ ಡಿಸೆಂಬರಿನಲ್ಲಿ ಆದೇಶವಾಗಿದೆ. ಪಕ್ಕದ ಮನೆಯವರು ಕೊಟ್ಟ ಬಾಟಲಿಯನ್ನು ಓದದೆ ಬಳಸಬೇಡಿ ಎಂಬುದಕ್ಕೆ ಇಷ್ಟು ಸಾಕು.

ಎಚ್ಚರಿಕೆ: ಇವು ಕ್ಷಮಿಸುವ ಔಷಧಿಗಳಲ್ಲ

ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಕೊಡುವ ಇದನ್ನು ತೆಗೆದುಕೊಳ್ಳಬೇಕಾದದ್ದು ವಾರಕ್ಕೆ ಒಂದೇ ದಿನ. ಮಾತ್ರೆ ಎಂದರೆ ದಿನಾ ನುಂಗುವುದು ಎಂಬ ರೂಢಿಯಿಂದ ದಿನವೂ ತೆಗೆದುಕೊಂಡವರು ಪ್ರಾಣ ಕಳೆದುಕೊಂಡದ್ದಿದೆ. ಚೀಟಿಯಲ್ಲೂ ಸ್ಟ್ರಿಪ್ಪಿನ ಮೇಲೂ "ಸೋಮವಾರ ಮಾತ್ರ" ಎಂದು ವಾರದ ಹೆಸರು ಬರೆಸಿ. ಬಾಯಿ ಹುಣ್ಣು, ಜ್ವರ ಕಂಡರೆ ಕಾಯದೆ ಡಾಕ್ಟರ ಬಳಿ ಓಡಿ.

ಇನ್ಸುಲಿನ್. ನಮ್ಮಲ್ಲಿ ಹೆಚ್ಚಾಗಿ ಸಿಗುವ ಬಾಟಲಿಯಲ್ಲಿ 1 ಮಿ.ಲೀ.ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯೂನಿಟ್, ಕೆಲವು ಬಾಟಲಿಗಳಲ್ಲೂ 100. ಸಿರಿಂಜೂ ಎರಡು ಥರ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ '20' ಗೆರೆಗೆ ಎಳೆದರೆ ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. ಬಾಟಲಿ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇದೆಯೇ ಎಂದು ಪ್ರತಿಸಲ ಕೊಳ್ಳುವಾಗ ನೋಡಿ.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಕುಸಿಯುತ್ತದೆ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಕ್ಕೆ ಮುಂಚೆಯೇ ಡಾಕ್ಟರನ್ನು ಕಂಡು ಡೋಸು ಹೊಂದಿಸಿಕೊಳ್ಳಿ. ರಕ್ತ ತಿಳಿಯಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಅಂಗಡಿಯ ನೋವಿನ ಮಾತ್ರೆ ಮುಟ್ಟಲೇಬಾರದು. ಬಿಪಿ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಸೇರಿದರೆ ಕಿಡ್ನಿಗೆ ಪೆಟ್ಟು.

ಪದೇಪದೇ ಆಗುವ ತಪ್ಪುಗಳು

ಜ್ವರಕ್ಕೆ 650ರ ಪ್ಯಾರಸಿಟಮಾಲ್, ಶೀತಕ್ಕೆ ಒಂದು ಮಾತ್ರೆ, ಮೈಕೈ ನೋವಿಗೆ ಇನ್ನೊಂದು. ಮೂರನ್ನೂ ಮಗುಚಿದರೆ ಎಷ್ಟೋ ಸಲ ಮೂರರಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ. ಆರು 650ರ ಮಾತ್ರೆಗೇ 3.9 ಗ್ರಾಂ ಆಗಿಬಿಡುತ್ತದೆ. ಲಿವರ್ ತೊಂದರೆ ಇರುವವರಿಗೆ, ಕುಡಿಯುವವರಿಗೆ, ಸಣಕಲು ವೃದ್ಧರಿಗೆ ಮಿತಿ ಇನ್ನೂ ಕಡಿಮೆ.

ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ ನುಂಗುವುದು. ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ ಕನಿಷ್ಠ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು. ಕಾಫಿ ಬಿಡಲಾಗದವರ ಡೋಸು ಏರುತ್ತಲೇ ಹೋಗುವುದನ್ನು ಕಂಡಿದ್ದೇನೆ.

ಮರೆತ ಮಾತ್ರೆಯನ್ನು ಮುಂದಿನ ಹೊತ್ತಿಗೆ ಎರಡೆರಡು ನುಂಗಿ ಸರಿದೂಗಿಸುವುದು. ಸಾಮಾನ್ಯವಾಗಿ ನೆನಪಾದ ಕೂಡಲೇ ತೆಗೆದುಕೊಳ್ಳಿ, ಮುಂದಿನ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡಿ.

ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದೇ ಔಷಧಿ ತರುವುದು. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಅಡಿಕೆ ಡಬ್ಬಿಗೆ ತುಂಬುವುದು. ಇನ್ನು ಬಿಪಿ ನಾರ್ಮಲ್ ಬಂತೆಂದು ಮಾತ್ರೆ ನಿಲ್ಲಿಸುವುದು. ನಾರ್ಮಲ್ ಬಂದದ್ದು ಮಾತ್ರೆಯಿಂದಲೇ ಎಂಬುದು ನಮ್ಮ ಚಿಕ್ಕಪ್ಪನಿಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಈ ಲೇಖನ ಓದಿ ಅನುಮಾನ ಬಂದರೂ ಅಷ್ಟೇ, ಡಾಕ್ಟರನ್ನು ಕೇಳದೆ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ.

ತಪ್ಪು ಆಗಿಯೇ ಹೋಗಿದ್ದರೆ

ಮುಚ್ಚಿಡಬೇಡಿ. ಬೈಗುಳದ ಹೆದರಿಕೆಗೆ ಅಜ್ಜಿ ಸುಮ್ಮನಿದ್ದರೆ ಕಳೆದುಹೋಗುವುದು ಬೆಲೆಬಾಳುವ ಸಮಯ. ಏನು, ಎಷ್ಟು, ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು ಸ್ಟ್ರಿಪ್ ಅಥವಾ ಬಾಟಲಿ ಸಮೇತ ಡಾಕ್ಟರ ಬಳಿ ಹೋಗಿ. ಬೆರಳು ಹಾಕಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಶುಗರ್ ಇಳಿದು ಬೆವರು, ನಡುಕ ಬಂದಿದ್ದರೆ ಎಚ್ಚರವಿರುವವರಿಗೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಮಾತ್ರೆಯಿಂದ ಇಳಿದದ್ದಾದರೆ ಗಂಟೆಗಳ ಮೇಲೆ ಮತ್ತೆ ಇಳಿಯಬಹುದು, ಸುಧಾರಿಸಿತೆಂದು ಮನೆಯಲ್ಲೇ ಉಳಿಯಬೇಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ತುರ್ತು ಅಲ್ಲದ ಸಂದೇಹಕ್ಕೆ ಆರೋಗ್ಯ ಸಹಾಯವಾಣಿ 104 ಇದೆ.

ಔಷಧಿಯಿಂದ ಅಡ್ಡಪರಿಣಾಮವಾದರೆ ಡಾಕ್ಟರೇ ವರದಿ ಮಾಡಬೇಕೆಂದಿಲ್ಲ, ರೋಗಿಯೂ ಮಾಡಬಹುದು. ಔಷಧಿಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ. ಅದರ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದಲ್ಲಿದೆ. ಉಚಿತ ಸಂಖ್ಯೆ 1800-180-3024. ಕರೆ ಮಾಡುವಾಗ ಔಷಧಿಯ ಹೆಸರು, ಬ್ಯಾಚ್ ಸಂಖ್ಯೆ, ಯಾವಾಗ ಶುರುಮಾಡಿದಿರಿ, ಏನಾಯಿತು ಎಂಬುದು ಕೈಯಲ್ಲಿರಲಿ. ಬ್ಯಾಚ್ ಸಂಖ್ಯೆ ಇರುವುದು ಅಂಗಡಿಯವರು ಕತ್ತರಿಸಿ ತಮ್ಮಲ್ಲೇ ಉಳಿಸಿಕೊಳ್ಳುವ ಆ ತುದಿಯಲ್ಲೇ, ಇಲ್ಲವೇ ನಾವು ಅಲ್ಲೇ ಮುದುರಿ ಎಸೆದು ಬರುವ ಬಿಲ್ಲಿನಲ್ಲಿ.